ಹೇಮಾವತಿ ಹಿನ್ನೀರಿನ ದೋಣಿಗೆ ಇ-ಟ್ರೆಕ್ಸ್ 10: ಹಲವು ವರ್ಷಗಳ ಬಳಕೆಯ ನಂತರ

ಗೊರೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಸಣ್ಣ ಫೈಬರ್ ದೋಣಿ ಇಟ್ಟುಕೊಂಡು ಬಲೆ ಬಿಡುವವರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್ ಬೇಕೇ ಎಂದು ಕೇಳಿದರೆ, ಬೇಕು, ಆದರೆ ಅಗ್ಗದ್ದೇ ಸಾಕು ಎಂಬುದು ನನ್ನ ಉತ್ತರ. ಗಾರ್ಮಿನ್ ಕಂಪನಿಯು 2011ರಲ್ಲಿ ಹೊರತಂದ ಇ-ಟ್ರೆಕ್ಸ್ 10 ಹಲವು ವರ್ಷಗಳಿಂದ ನನ್ನ ಬಳಿ ಇದೆ. ಅದರ ಪರದೆ 2.2 ಅಂಗುಲದ ಕಪ್ಪು-ಬಿಳುಪಿನದು. ವಿವರವಾದ ನಕ್ಷೆ ತುಂಬಿಕೊಳ್ಳಲು ಮೆಮೊರಿ ಕಾರ್ಡಿನ ಕಿಂಡಿಯೂ ಇಲ್ಲ. ಸಮುದ್ರಕ್ಕೆ ಇಳಿಯುವವರಿಗೆ ಇದು ದೊಡ್ಡ ಕೊರತೆ, ಏಕೆಂದರೆ ಅವರಿಗೆ ಆಳ ಮತ್ತು ಬಂಡೆಗಳನ್ನು ಗುರುತಿಸಿದ ನೌಕಾನಕ್ಷೆಗಳು ಸಿಗುತ್ತವೆ. ನಮ್ಮ ಹಿನ್ನೀರಿಗೆ ಅಂಥ ನಕ್ಷೆಯನ್ನು ನಾನು ಎಲ್ಲಿಯೂ ಕಂಡಿಲ್ಲವಾದ್ದರಿಂದ, ನಕ್ಷೆ ತೋರಿಸುವ ಯಂತ್ರಕ್ಕೆ ಹೆಚ್ಚಿನ ಹಣ ಕೊಟ್ಟರೂ ಅದರಲ್ಲಿ ಕಾಣುವುದು ಬರಿಯ ನೀಲಿ ಬಣ್ಣವಷ್ಟೆ.

ನಕ್ಷೆಯನ್ನು ನಾವೇ ಮಾಡಿಕೊಳ್ಳಬೇಕು, ಅದಕ್ಕೆ ತಕ್ಕ ಕಾಲ ಬೇಸಿಗೆ. ನೀರು ಇಳಿದಾಗ ಮುಳುಗಡೆಯಾದ ಊರುಗಳ ಗೋಡೆಗಳು, ಮರದ ಬೊಡ್ಡೆಗಳು, ಕಲ್ಲುಗಳು ಒಂದೊಂದಾಗಿ ಮೇಲೆ ಬರುತ್ತವೆ. ಶೆಟ್ಟಿಹಳ್ಳಿಯ ಚರ್ಚನ್ನು ನೋಡಲು ಬರುವವರಿಗೂ ಈ ಏರಿಳಿತ ಗೊತ್ತು. ಪ್ರತಿಯೊಂದರ ಪಕ್ಕದಲ್ಲಿಯೂ ನಿಂತು ಬಿಂದುವೊಂದನ್ನು ಗುರುತಿಸಿಕೊಂಡರೆ ಮಳೆಗಾಲದಲ್ಲಿ ಅವು ನೀರಿನಡಿ ಎಲ್ಲಿವೆ ಎಂಬುದು ತಿಳಿಯುತ್ತದೆ. ಈ ಯಂತ್ರದಲ್ಲಿ ಅಂಥ 1000 ಬಿಂದುಗಳನ್ನು ಇಡಬಹುದು. ಹೆಸರನ್ನು ಕನ್ನಡದಲ್ಲಿ ಬರೆಯಲಾಗದ ಕಾರಣ ಕಲ್ಲಿಗೆ ಇಂಗ್ಲಿಷಿನ ‘ಕೆ’ ಅಕ್ಷರವನ್ನು ಇಟ್ಟು, ಅದರ ನೆತ್ತಿ ನೀರಿನಿಂದ ಹೊರಬಂದ ದಿನದ ಜಲಾಶಯದ ಮಟ್ಟವನ್ನು ಮುಂದೆ ಸೇರಿಸುತ್ತೇನೆ. ‘ಕೆ 2890’ ಎಂದಿದ್ದು, ಪತ್ರಿಕೆಯಲ್ಲಿ ಇಂದಿನ ಮಟ್ಟ 2900 ಅಡಿ ಎಂದಿದ್ದರೆ ಆ ಕಲ್ಲಿನ ಮೇಲೆ ಹತ್ತು ಅಡಿ ನೀರಿದೆ ಎಂದರ್ಥ, ಎಂಜಿನ್ ಇಳಿಬಿಟ್ಟುಕೊಂಡೇ ದಾಟಬಹುದು. ಮಟ್ಟ 2892 ಆಗಿದ್ದರೆ ಪ್ರೊಪೆಲ್ಲರ್ ಎತ್ತಿಕೊಂಡು ಹುಟ್ಟು ಹಾಕುವುದೇ ಕ್ಷೇಮ. ಗರಿಷ್ಠ ಮಟ್ಟ 2922 ಅಡಿಯಾದ್ದರಿಂದ ಜಲಾಶಯ ತುಂಬಿದಾಗ ಇವುಗಳಲ್ಲಿ ಬಹುಪಾಲನ್ನು ಮರೆತೇ ಬಿಡಬಹುದು. ಜಿಪಿಎಸ್ ತಾನಾಗಿ ತೋರಿಸುವ ಎತ್ತರವನ್ನು ಮಾತ್ರ ಈ ಲೆಕ್ಕಕ್ಕೆ ಬಳಸಬಾರದು. ಅಡ್ಡಳತೆಗಿಂತ ಎತ್ತರದಲ್ಲಿ ಅದರ ದೋಷ ಹೆಚ್ಚು.

ಇದರಲ್ಲಿ ಅಯಸ್ಕಾಂತದ ದಿಕ್ಸೂಚಿ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ದೋಣಿ ಚಲಿಸುತ್ತಿರುವಾಗ ಮಾತ್ರ ದಿಕ್ಕನ್ನು ಲೆಕ್ಕ ಹಾಕುತ್ತದೆಯೇ ಹೊರತು ನಿಂತಲ್ಲಿ ನಿಂತರೆ ಬಾಣವನ್ನು ನಂಬುವಂತಿಲ್ಲ. ನನ್ನೊಡನೆ ಬರುವ ಹುಡುಗನಿಗೆ ಈಗ ಇದು ಚೆನ್ನಾಗಿ ರೂಢಿಯಾಗಿದೆ: “ಅಣ್ಣ, ನಿಂತ್ಕಂಡು ನೋಡ್ಬೇಡಿ, ಒಂದೀಟು ಹುಟ್ಟು ಹಾಕಿ, ಆಮೇಲೆ ಸರಿಯಾಗಿ ತೋರಿಸ್ತದೆ” ಎನ್ನುತ್ತಾನೆ. ಗಾಳಿಗೆ ದೋಣಿ ಅಡ್ಡ ಸರಿಯುತ್ತಿದ್ದರೆ ಬಾಣವು ಮೂತಿ ಇರುವ ಕಡೆಯನ್ನಲ್ಲ, ಸರಿಯುತ್ತಿರುವ ಕಡೆಯನ್ನು ಹಿಡಿಯುತ್ತದೆ. ಆದ್ದರಿಂದ ಸಾಧಾರಣ ದಿಕ್ಸೂಚಿಯೊಂದು ಜೊತೆಗಿರಲಿ.

ಡಿಸೆಂಬರ್, ಜನವರಿಯ ಬೆಳಗಿನ ಮಂಜಿನಲ್ಲಿ ದಡವೇ ಕಾಣದಿರುವಾಗ ಇದರ ಬೆಲೆ ತಿಳಿಯುತ್ತದೆ. ಸಂಜೆ ಬಲೆಯ ಎರಡು ತುದಿಗಳನ್ನೂ ಗುರುತಿಸಿ ಬಂದರೆ, ಬೆಂಡಿಗೆ ಕಟ್ಟಿದ ಖಾಲಿ ಬಾಟಲಿ ಕಣ್ಣಿಗೆ ಬೀಳುವಷ್ಟು ಹತ್ತಿರಕ್ಕೆ ಬೆಳಿಗ್ಗೆ ತಂದು ನಿಲ್ಲಿಸುತ್ತದೆ. ನೀರಿನ ಮೇಲೆ ಆಕಾಶ ತೆರೆದಿರುವುದರಿಂದ ತಪ್ಪು ಸಾಮಾನ್ಯವಾಗಿ ಕೆಲವು ಮೀಟರುಗಳನ್ನು ಮೀರುವುದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿಸುವ ಸೌಲಭ್ಯವೂ ಉಂಟು, ಆದರೆ ತುಂಬಿದ ನೀರಿನಲ್ಲಿ ದಾಖಲಿಸಿದ ದಾರಿಯನ್ನು ಫೆಬ್ರವರಿಯಲ್ಲಿ ಕಣ್ಣುಮುಚ್ಚಿ ಹಿಡಿಯಬಾರದು.

ಮೊಬೈಲ್ ಇರುವಾಗ ಇದೇಕೆ ಎನ್ನುವವರಿದ್ದಾರೆ. ಸಿಗ್ನಲ್ ಇಲ್ಲದೆಯೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಮೀನು ಬಿಡಿಸಿದ ಒದ್ದೆ ಬೆರಳಿಗೆ ಟಚ್ ಪರದೆ ಸ್ಪಂದಿಸುವುದಿಲ್ಲ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಇ-ಟ್ರೆಕ್ಸಿನ ಪರದೆಯಾದರೋ ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಎರಡು ಪೆನ್ಸಿಲ್ ಸೆಲ್ಲಿಗೆ ಸುಮಾರು 20 ಗಂಟೆ ಎಂದು ಕಂಪನಿ ಹೇಳುತ್ತದೆ. ಚಾರ್ಜ್ ಮಾಡುವ ಸೆಲ್ ಬಳಸುವವರು ಮೆನುವಿನಲ್ಲಿ ಸೆಲ್ಲಿನ ಬಗೆಯನ್ನು ಬದಲಿಸಿಕೊಳ್ಳದಿದ್ದರೆ ಉಳಿದ ಚಾರ್ಜಿನ ಸೂಚನೆ ತಪ್ಪಾಗಿರುತ್ತದೆ.

ನೀರಿನ ವಿಷಯದಲ್ಲಿ ಇದಕ್ಕೆ ಐಪಿಎಕ್ಸ್7 ದರ್ಜೆ ಇದೆ. ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೆಯಬಲ್ಲದು. ಆದರೆ ಇದು ತೇಲುವುದಿಲ್ಲ. ಕೈಜಾರಿದರೆ ಹಿನ್ನೀರಿನ ಕೆಸರಿನಲ್ಲಿ ಹುಡುಕುವ ಮಾತೇ ಇಲ್ಲ, ಹಾಗಾಗಿ ದಾರ ಕಟ್ಟಿ ಬಲೆಯ ಬೆಂಡೊಂದನ್ನು ಅದಕ್ಕೆ ಸೇರಿಸಿದ್ದೇನೆ. ತೇಲುವಂಥದ್ದೇ ಬೇಕೆನ್ನುವವರಿಗೆ ಅದೇ ಕಂಪನಿಯ ಜಿಪಿಎಸ್‌ಮ್ಯಾಪ್ 79ಎಸ್ ಇದೆ, ಬೆಲೆಯೂ ಬಹಳ ಮೇಲಿದೆ. ಈಗ ಹೊಸದಾಗಿ ಕೊಳ್ಳುವವರು 2023ರಲ್ಲಿ ಬಂದ ಇ-ಟ್ರೆಕ್ಸ್ ಎಸ್‌ಇಯನ್ನು ನೋಡುವುದು ಒಳ್ಳೆಯದು. ಅದರಲ್ಲಿ ದಿಕ್ಸೂಚಿಯಿದೆ, ಎರಡು ಸೆಲ್ಲಿಗೆ 168 ಗಂಟೆಯವರೆಗೆ ನಡೆಯುತ್ತದೆಂದು ಕಂಪನಿಯ ಮಾತು. ಹಳೆಯ 10 ಯಾರಾದರೂ ಕಡಿಮೆ ಬೆಲೆಗೆ ಕೊಟ್ಟರೆ ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಕಟ್ಟಿದೆಯೇ, ಹಿಂಬದಿಯ ಮುಚ್ಚಳದ ರಬ್ಬರ್ ಸೀಳಿದೆಯೇ ಎಂದು ಪರೀಕ್ಷಿಸಿದ ಮೇಲೆ ಹಣ ಕೊಡಿ.