ರೆಸಿಡೆಕ್ಸ್ ನೋಡುವಾಗ: ಡೊಂಬಿವಲಿಯ ಫ್ಲಾಟಿಗೆ ಮುಂಬಯಿಯ ಅಂಕಿ ಹಚ್ಚಬೇಡಿ

ಫ್ಲಾಟ್ ಮಾರುವ ಮಾತು ಬಂದರೆ ಏಜೆಂಟ್ ಹೇಳಿದ್ದೇ ರೇಟು, ಪಕ್ಕದ ವಿಂಗಿನವರ ಮಾತೇ ಆಧಾರ. ಅದಕ್ಕಿಂತ ಗಟ್ಟಿಯಾದ ಅಳತೆಯೊಂದು ಪುಕ್ಕಟೆ ಸಿಗುತ್ತದೆ: ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್. 2007ರಲ್ಲಿ ಶುರುವಾದ ಈ ಮನೆ ಬೆಲೆಗಳ ಸೂಚ್ಯಂಕ ಈಗ 2017-18ನ್ನು 100 ಎಂದಿಟ್ಟುಕೊಂಡು, 50 ನಗರಗಳಿಗೆ ಮೂರು ತಿಂಗಳಿಗೊಮ್ಮೆ ಬರುತ್ತದೆ.

ನಮ್ಮ ಕಡೆಯವರಿಗೆ ಇದರ ದೊಡ್ಡ ಅನುಕೂಲ ಊರುಗಳನ್ನು ಬಿಡಿಸಿಟ್ಟಿರುವುದು. ಮುಂಬಯಿ, ಠಾಣೆ, ನವಿ ಮುಂಬಯಿ, ಕಲ್ಯಾಣ್-ಡೊಂಬಿವಲಿ, ಮೀರಾ-ಭಾಯಂದರ್, ವಸಾಯಿ-ವಿರಾರ್, ಪನ್ವೇಲ್ ಎಲ್ಲಕ್ಕೂ ಬೇರೆ ಬೇರೆ ಅಂಕಿ. ಪುಣೆ, ಪಿಂಪ್ರಿ-ಚಿಂಚ್‌ವಾಡ್ ಕೂಡ ಬೇರೆಯೇ. ಆದರೆ ಕೊಲಾಬಾದಿಂದ ದಹಿಸರ್‌ವರೆಗಿನ ಮುಂಬಯಿಗೆ ಮಾತ್ರ ಒಂದೇ ಸಂಖ್ಯೆ. ಮಾಟುಂಗಾದ ಹಳೇ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗಿನ ಏರಿಕೆಯನ್ನು ಇಲ್ಲಿ ಹುಡುಕಿ ಪ್ರಯೋಜನವಿಲ್ಲ.

ಒಳಗೆ ಎರಡು ಪಟ್ಟಿಗಳಿವೆ. ಒಂದು, ಸಾಲ ಕೊಡುವಾಗ ಬ್ಯಾಂಕು, ಹೌಸಿಂಗ್ ಫೈನಾನ್ಸ್ ಕಂಪನಿಗಳು ಮಾಡಿಸುವ ವ್ಯಾಲ್ಯುಯೇಶನ್ ಮೇಲೆ ನಿಂತದ್ದು. ಇನ್ನೊಂದು, ಕಟ್ಟುತ್ತಿರುವ ಮತ್ತು ಮಾರಾಟವಾಗದೆ ಉಳಿದ ಹೊಸ ಮನೆಗಳ ಮಾರುಕಟ್ಟೆ ಬೆಲೆಯದು. ಹಳೇ ಫ್ಲಾಟ್ ಮಾರುವವರು ಮೊದಲನೆಯದನ್ನೇ ನೋಡಬೇಕು. ಸಾಲವಿಲ್ಲದೆ ಕೊಂಡ ಮನೆಗಳು ಅದರಲ್ಲಿ ಬರುವುದಿಲ್ಲ, ನಿಜ. ಆದರೂ ಬಿಲ್ಡರ್ ಬಾಯಲ್ಲಿ ಹೇಳುವ ರೇಟಿಗಿಂತ ಬ್ಯಾಂಕಿನ ಅಂದಾಜು ವಾಸಿ.

ಅಳತೆಯಲ್ಲಿ ಮೂರು ಗುಂಪು: 60 ಚದರ ಮೀಟರ್‌ವರೆಗೆ, 60ರಿಂದ 110, ಅದಕ್ಕೂ ಮೇಲೆ. ಇದು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ಜಾಗ. 60 ಚದರ ಮೀಟರ್ ಅಂದರೆ ಸುಮಾರು 646 ಚದರ ಅಡಿ. ಗೋಡೆ, ಮೆಟ್ಟಿಲು, ಲಾಬಿಯ ಪಾಲೂ ಸೇರಿದ ಅಗ್ರಿಮೆಂಟಿನ ಸೂಪರ್ ಬಿಲ್ಟ್‌ಅಪ್ ಹಿಡಿದರೆ ಗುಂಪೇ ತಪ್ಪುತ್ತದೆ.

ಲೆಕ್ಕ ಸುಲಭ. ಇಂದಿನ ಅಂಕವನ್ನು ಕೊಂಡ ತ್ರೈಮಾಸಿಕದ ಅಂಕದಿಂದ ಭಾಗಿಸಿ, ಕೊಂಡ ಬೆಲೆಯಿಂದ ಗುಣಿಸಿ. ಅಂದು 110, ಇಂದು 132 ಎಂದಿಟ್ಟುಕೊಳ್ಳಿ: 60 ಲಕ್ಷದ ಮನೆ 72 ಲಕ್ಷಕ್ಕೆ ಬರುತ್ತದೆ. ಏರಿದ್ದು ಶೇ. 20. ವಾಟ್ಸಾಪಿನ ಪಂಡಿತರು 22 ಪಾಯಿಂಟನ್ನೇ ಶೇ. 22 ಎಂದು ಓದುತ್ತಾರೆ. ಡೊಂಬಿವಲಿಯ ಅಂಕ 140, ಠಾಣೆಯದು 125 ಇದ್ದರೆ ಡೊಂಬಿವಲಿ ದುಬಾರಿ ಎಂದೂ ಅಲ್ಲ. 2017-18ರಿಂದ ಅಲ್ಲಿ ಹೆಚ್ಚು ಏರಿದೆ, ಅಷ್ಟೇ.

ಬೇಸ್ ವರ್ಷ, ಅಂದರೆ 100 ಎಂದಿಟ್ಟುಕೊಂಡ ವರ್ಷ, ಬೆರೆಸುವುದು ಇನ್ನೊಂದು ಎಡವಟ್ಟು. ರೆಸಿಡೆಕ್ಸ್‌ನದೇ ಹಳೇ ಸರಣಿ 2012-13ರದು. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನಿಂತಿರುವುದು ನೋಂದಣಿಯ ದಾಖಲೆಗಳ ಮೇಲೆ; ಅದು ಮೊದಲು 2010-11ರ ಬೇಸಿನಲ್ಲಿ 10 ನಗರಗಳಿಗಿತ್ತು, ಈಗ 2022-23ರ ಬೇಸಿನಲ್ಲಿ 18ಕ್ಕಿದೆ. ಒಂದರ ಅಂಕ ಇನ್ನೊಂದರ ಅಂಕದಿಂದ ಭಾಗಿಸಿದರೆ ಬರುವುದಕ್ಕೆ ಅರ್ಥವಿಲ್ಲ.

ರೆಸಿಡೆಕ್ಸ್‌ನ ನಿಜವಾದ ಕೊರತೆ ನಿಧಾನ. ನಾಲ್ಕು ತ್ರೈಮಾಸಿಕಗಳ ತೂಕದ ಸರಾಸರಿ ತೆಗೆಯುವುದರಿಂದ ಏರಿಳಿತಗಳು ಸವೆದುಹೋಗಿ, ಬೆಲೆ ತಿರುಗಿದ್ದು ತಡವಾಗಿ ಕಾಣುತ್ತದೆ. ಪ್ರಕಟಣೆಯೂ ತ್ರೈಮಾಸಿಕ ಮುಗಿದ ಮೇಲೆಯೇ. ಐದರಲ್ಲಿ ಮೂರೂವರೆ ಕೊಡಬಹುದು.

ಟೋಕನ್ (ಮುಂಗಡ) ತೆಗೆದುಕೊಳ್ಳುವ ಮುನ್ನ ಮಹಾರಾಷ್ಟ್ರ ನೋಂದಣಿ ಇಲಾಖೆಯ ಇ-ಸರ್ಚ್‌ನಲ್ಲಿ ನಿಮ್ಮ ಸೊಸೈಟಿಯ ಇತ್ತೀಚಿನ ಇಂಡೆಕ್ಸ್-2 (ನೋಂದಾಯಿತ ಮಾರಾಟದ ಸಾರಾಂಶ) ತೆಗೆದು ನೋಡಿ. ಅದರಲ್ಲಿ ಕರಾರಿನ ಮೊತ್ತವೂ ರೆಡಿ ರೆಕನರ್ (ಸರಕಾರಿ ದರಪಟ್ಟಿ) ಪ್ರಕಾರದ ಮೌಲ್ಯವೂ ಬೇರೆ ಬೇರೆ ನಮೂದಾಗಿರುತ್ತವೆ. ಹೋಲಿಕೆಗೆ ಬೇಕಾದದ್ದು ಮೊದಲನೆಯದು. ಗೋವಾದಲ್ಲಿ ಮನೆ ಇರುವವರಿಗೆ ರೆಸಿಡೆಕ್ಸ್ ಉಪಯೋಗಕ್ಕಿಲ್ಲ: 50ರ ಪಟ್ಟಿಯಲ್ಲಿ ಅಲ್ಲಿನ ಒಂದು ಊರೂ ಇಲ್ಲ.