ಕೋಬೆಯಲ್ಲಿ ಮೊದಲ ಎರಡು ದಿನ: ಒಂದು ಕಡೆ ಮಸೀದಿ, ಇನ್ನೊಂದು ಕಡೆ ಬುತಾಮಾನ್

ಕೋಬೆ ಎಂದರೆ ಜಪಾನಿನವರ ಬಾಯಲ್ಲಿ ಬರುವುದು ಮೂರು: ಕೋಬೆ ಬೀಫ್, ನಾದಾ ಸೀಮೆಯ ಸಾಕೆ, ಚೀನೀಯರ ಬೀದಿಯಾದ ನಾನ್‌ಕಿನ್‌ಮಾಚಿಯ ಬುತಾಮಾನ್. ಸಾಕೆ ಅಕ್ಕಿಯ ಮದ್ಯ, ಬುತಾಮಾನ್ ಹಂದಿಮಾಂಸ ತುಂಬಿ ಹಬೆಯಲ್ಲಿ ಬೇಯಿಸಿದ ಬನ್. ಎರಡೂ ಮುಸ್ಲಿಂ ಪ್ರವಾಸಿಗೆ ಸಲ್ಲವು. ಬೀಫ್ ಆದರೂ ಇರಲಿ ಎಂದರೆ ಅದರಲ್ಲೂ ಹತ್ತು ತಕರಾರು. ಹಾಗಿದ್ದೂ ಜಪಾನಿನ ಮೊಟ್ಟಮೊದಲ ಮಸೀದಿ ಎದ್ದದ್ದು ಇದೇ ಊರಿನಲ್ಲಿ, 1935ರಲ್ಲಿ. ಮೊದಲ ಸಲ ಜಪಾನಿಗೆ ಹೊರಟ ಮುಸ್ಲಿಂ ಪ್ರವಾಸಿ ಒಸಾಕಾ, ಕ್ಯೋತೊಗಳ ಗದ್ದಲಕ್ಕೆ ಬೀಳುವ ಮೊದಲು ಎರಡು ದಿನ ಇಲ್ಲಿ ತಂಗುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ನಮಾಜಿನ ಅನುಕೂಲಕ್ಕೆ ಹತ್ತಕ್ಕೆ ಒಂಬತ್ತು, ನಡೆದಾಡುವ ಸುಖಕ್ಕೆ ಎಂಟು. ಊಟಕ್ಕೆ ಮಸೀದಿಯ ಸುತ್ತಮುತ್ತ ಏಳು, ಅಲ್ಲಿಂದಾಚೆ ಮೂರು.

ಕನ್ಸಾಯ್ ವಿಮಾನ ನಿಲ್ದಾಣದಿಂದ ಕೋಬೆಗೆ ಎರಡು ದಾರಿ. ಲಿಮೋಸಿನ್ ಬಸ್ ಹತ್ತಿದರೆ ನೇರ ಊರ ನಡುವಿನ ಸನ್ನೊಮಿಯಾ, ಒಂದು ಗಂಟೆಯ ಮೇಲೆ ಸ್ವಲ್ಪ. ಬೇ ಷಟಲ್ ದೋಣಿಯಲ್ಲಾದರೆ ಅರ್ಧ ಗಂಟೆಯಲ್ಲಿ ಕೋಬೆ ವಿಮಾನ ನಿಲ್ದಾಣದ ದಡ, ಅಲ್ಲಿಂದ ಪೋರ್ಟ್ ಲೈನರ್ ರೈಲಿನಲ್ಲಿ 18 ನಿಮಿಷ. ದೋಣಿ ಚೆಂದವೇ. ಆದರೆ ಬಸ್ಸು, ದೋಣಿ, ರೈಲು ಎಂದು ಮೂರು ಸಲ ಸಾಮಾನು ಎತ್ತಿಳಿಸಬೇಕು. ಮೊದಲ ದಿನಕ್ಕೆ ಬಸ್ಸೇ ಸರಿ. ವಿಮಾನ ನಿಲ್ದಾಣದಲ್ಲಿ ನಮಾಜ್ ಕೋಣೆ ಇದೆ, ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯುವ ವುಜೂವಿಗೆ ಜಾಗವೂ ಇದೆ. ಹೊತ್ತಾಗಿದ್ದರೆ ಅಲ್ಲೇ ಮುಗಿಸಿಕೊಂಡು ಬಸ್ ಹತ್ತಿ.

ಮನೆಯಿಂದ ಕಟ್ಟಿಕೊಂಡು ಹೋಗುವ ತಿಂಡಿಯ ಬಗ್ಗೆ ಇಲ್ಲೇ ಹೇಳಬೇಕು. ಮಾಂಸದ ಉಪ್ಪಿನಕಾಯಿ, ಒಣಮಾಂಸ, ಮಾಂಸದ ಚೂರು ಇರುವ ನೂಡಲ್ಸ್ ಪೊಟ್ಟಣ ಯಾವುದನ್ನೂ ತಪಾಸಣಾ ಪತ್ರವಿಲ್ಲದೆ ಜಪಾನಿನೊಳಗೆ ಒಯ್ಯುವಂತಿಲ್ಲ. ಹಲಾಲ್ ಮುದ್ರೆ ಇದ್ದರೂ ಇದೇ ಕಾನೂನು. ಹಸಿ ಕರಿಬೇವನ್ನೂ ಹಾಗೆಯೇ ಒಯ್ಯುವಂತಿಲ್ಲ. ಅವಲಕ್ಕಿ, ರವೆ, ಚಟ್ನಿಪುಡಿಗೆ ತೊಂದರೆ ಆಗುವುದು ಕಡಿಮೆ. ಕ್ವಾಲಾಲಂಪುರದ ಮೇಲೆ ಹೋಗುವವರು ಅಲ್ಲಿ ಹಲಾಲ್ ಮುದ್ರೆಯ ತರಕಾರಿ ನೂಡಲ್ಸ್ ನಾಲ್ಕು ಪೊಟ್ಟಣ ಕೊಂಡಿಟ್ಟುಕೊಂಡರೆ ಮೊದಲ ರಾತ್ರಿಯ ಚಿಂತೆ ಇಲ್ಲ.

ಸನ್ನೊಮಿಯಾ ನಿಲ್ದಾಣದಿಂದ ಬೆಟ್ಟದ ಕಡೆ ಹತ್ತು ನಿಮಿಷ ನಡೆದರೆ ನಾಕಾಯಾಮತೆ ಬೀದಿಯಲ್ಲಿ ಕೋಬೆ ಮಸೀದಿ. ಗುಮ್ಮಟ, ಎರಡು ಮಿನಾರ್, ಸುತ್ತ ಅಪಾರ್ಟ್‌ಮೆಂಟ್‌ಗಳು. ನಕ್ಷೆ ಬರೆದದ್ದು ಯಾನ್ ಶ್ವಾಗರ್ ಎಂಬ ಚೆಕ್ ವಾಸ್ತುಶಿಲ್ಪಿ. ಹಣ ಹಾಕಿದವರು ಕೋಬೆ ಬಂದರಿನಲ್ಲಿ ವ್ಯಾಪಾರಕ್ಕೆ ನಿಂತಿದ್ದ ಭಾರತದ ಮುಸ್ಲಿಮರು ಮತ್ತು ರಷ್ಯಾದಿಂದ ಬಂದ ತಾತಾರರು. 1943ರಲ್ಲಿ ನೌಕಾಪಡೆ ವಶಪಡಿಸಿಕೊಂಡಿತ್ತು. 1945ರ ಬಾಂಬ್ ದಾಳಿಯಲ್ಲಿ ಸುತ್ತಲ ಮನೆಗಳು ಬೂದಿಯಾದರೂ ಇದು ಉಳಿಯಿತು, 1995ರ ಜನವರಿ 17ರ ಭೂಕಂಪದಲ್ಲೂ ನಿಂತಿತು. ಚಪ್ಪಲಿ ಬಾಗಿಲಲ್ಲೇ. ಗಂಡಸರಿಗೆ ಕೆಳಗೆ, ಹೆಂಗಸರಿಗೆ ಮೇಲಿನ ಮಹಡಿ. ವುಜೂವಿಗೆ ಬೇರೆ ಬೇರೆ ಜಾಗ. ನಮಾಜಿನ ಹೊತ್ತು ಬಿಟ್ಟು ಬೇರೆಯವರೂ ನೋಡಲು ಬರುತ್ತಾರೆ. ತಲೆಗೆ ದುಪಟ್ಟಾ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಶುಕ್ರವಾರ ಜುಮಾಕ್ಕೆ ಅರ್ಧ ಗಂಟೆ ಮೊದಲೇ ಹೋದರೆ ಒಳಗೆ ಜಾಗ ಸಿಗುತ್ತದೆ.

ಕಿಬ್ಲಾಕ್ಕೆ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕಿಗೆ, ಈ ಊರಿನಲ್ಲಿ ಫೋನ್ ನೋಡಬೇಕಾಗಿಲ್ಲ. ಕೋಬೆ ಉದ್ದಕ್ಕೆ ಚಾಚಿದ ಊರು. ಉತ್ತರಕ್ಕೆ ರೊಕ್ಕೊ ಬೆಟ್ಟಸಾಲು, ದಕ್ಷಿಣಕ್ಕೆ ಕಡಲು. ಅಲ್ಲಿನವರೂ ದಾರಿ ಹೇಳುವುದು ‘ಬೆಟ್ಟದ ಕಡೆ’, ‘ಕಡಲ ಕಡೆ’ ಎಂದೇ. ಬೆಟ್ಟ ಬಲಗೈಗೆ, ಕಡಲು ಎಡಗೈಗೆ ಬರುವಂತೆ ನಿಂತು ಬೆಟ್ಟದ ಕಡೆ ಸ್ವಲ್ಪ ತಿರುಗಿ: ಪಶ್ಚಿಮಕ್ಕಿಂತ ಸುಮಾರು 20 ಡಿಗ್ರಿ ಉತ್ತರ. ಮಂಗಳೂರಿನಿಂದ ಲೆಕ್ಕ ಹಾಕಿದರೂ ಹೆಚ್ಚುಕಮ್ಮಿ ಇದೇ ಡಿಗ್ರಿ ಬರುತ್ತದೆ. ಒಂದೇ ವ್ಯತ್ಯಾಸ, ಅಲ್ಲಿ ಕಡಲು ಮುಂದಿರುತ್ತದೆ.

ದಿನದ ಯೋಜನೆ ಕೆಡುವುದು ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಹೊತ್ತಿಗೆ. ಜಪಾನಿನ ಗಡಿಯಾರಕ್ಕೆ ಆಧಾರವಾದ 135 ಡಿಗ್ರಿ ರೇಖಾಂಶ ಪಕ್ಕದ ಆಕಾಶಿ ಊರಿನ ಮೇಲೆ ಹಾದುಹೋಗುತ್ತದೆ. ಹಾಗಾಗಿ ಇಲ್ಲಿ ನಡುನೆತ್ತಿ ಎಂದರೆ ಹೆಚ್ಚುಕಮ್ಮಿ ಸರಿಯಾಗಿ 12 ಗಂಟೆ. ಅಸರ್ ಹೊತ್ತಿನ ಲೆಕ್ಕ ಶಾಫಿ, ಹನಫಿ ಎಂಬ ಎರಡು ಪಂಥಗಳಿಗೆ ಬೇರೆ ಬೇರೆ: ಡಿಸೆಂಬರ್ ಕೊನೆಯಲ್ಲಿ ಶಾಫಿ ಅಸರ್ 2:35ರ ಸುಮಾರಿಗೆ, ಹನಫಿ ಅಸರ್ 3:15ರ ಸುಮಾರಿಗೆ, ಸೂರ್ಯ ಮುಳುಗಿದಾಗಿನ ಮಗ್ರಿಬ್ 4:55ರ ಸುಮಾರಿಗೆ. ಬಂದರಿನ ಕಡೆ ಮಧ್ಯಾಹ್ನ ಕಳೆಯುತ್ತ ಕುಳಿತರೆ ಕೈತಪ್ಪುವುದು ಇದೇ. ಜೂನ್‌ನಲ್ಲಿ ತದ್ವಿರುದ್ಧ: ಫಜರ್ ಬೆಳಗಿನ ಜಾವ 3 ಗಂಟೆಗೆ, ಮಗ್ರಿಬ್ 7:15ರ ಹೊತ್ತಿಗೆ. ಊರಿನ ರೂಢಿಯಂತೆ 5 ಗಂಟೆಗೆ ಅಲಾರಂ ಇಟ್ಟರೆ ಸೂರ್ಯ ಆಗಲೇ ಹುಟ್ಟಿರುತ್ತಾನೆ.

ಇಲ್ಲಿ ಮಝ್‌ಹಬ್, ಅಂದರೆ ಈ ಪಂಥಭೇದ, ಲೆಕ್ಕಕ್ಕೆ ಬರುತ್ತದೆ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಬಹುಪಾಲು ಶಾಫಿ. ಪ್ರಯಾಣದಲ್ಲಿ ನಡುಹಗಲಿನ ಝುಹರ್ ಮತ್ತು ಅಸರ್ ಜೋಡಿಸಲು, ಮಗ್ರಿಬ್ ಮತ್ತು ರಾತ್ರಿಯ ಇಶಾ ಜೋಡಿಸಲು ಅವರಿಗೆ ಅವಕಾಶ ಉಂಟು. ಊರು ಸೇರಿದ ದಿನ, ಬಿಡುವ ದಿನ ಬಿಟ್ಟು ನಾಲ್ಕು ದಿನ ತಂಗುವ ಇರಾದೆ ಇದ್ದರೆ ಆ ರಿಯಾಯಿತಿ ಇಲ್ಲ. ಕೋಬೆಯ ಎರಡು ದಿನಕ್ಕೆ ಏನೂ ಅಡ್ಡಿಯಿಲ್ಲ. ಹನಫಿಗಳಿಗೆ 15 ದಿನಕ್ಕಿಂತ ಕಡಿಮೆ ತಂಗುವುದಾದರೆ ನಾಲ್ಕು ರಕಾತ್, ಅಂದರೆ ನಾಲ್ಕು ಸುತ್ತಿನ ನಮಾಜ್, ಎರಡಾಗುತ್ತದೆ, ಆದರೆ ಎರಡು ಹೊತ್ತು ಜೋಡಿಸುವಂತಿಲ್ಲ. ಅಂದರೆ ಶಾಫಿ ಪ್ರವಾಸಿ ಮಧ್ಯಾಹ್ನ ಒಂದು ಸಲ ಮಸೀದಿಗೆ ಬಂದರೆ ಸಾಕು. ಹನಫಿಗಳು ಬೆಳಿಗ್ಗೆಯೇ ಬಂದರನ್ನು ನೋಡಿ ಮುಗಿಸಿ, ಝುಹರ್‌ನಿಂದ ಅಸರ್‌ವರೆಗೆ ಮಸೀದಿ ಪಕ್ಕದ ಕಿತಾನೊ ಬಡಾವಣೆಯಲ್ಲೇ ಇರುವಂತೆ ದಿನ ಕೂಡಿಸಿಕೊಳ್ಳುವುದು ವಾಸಿ.

ಕಿತಾನೊ ಎಂದರೆ ವಿದೇಶಿ ವರ್ತಕರ ಹಳೆಯ ಮನೆಗಳ ಏರುಬೀದಿ. 1909ರ ಇಟ್ಟಿಗೆ ಮನೆಯ ನೆತ್ತಿಯ ಮೇಲೆ ಗಾಳಿಯ ದಿಕ್ಕು ತೋರುವ ಗಾಳಿಕೋಳಿ ತಿರುಗುತ್ತಿರುತ್ತದೆ. ಜೈನ ಬಸದಿಯೂ ಇದೇ ಬಡಾವಣೆಯಲ್ಲಿದೆ. ಹೆಚ್ಚಿನ ಮನೆಗಳಿಗೆ ಬೇರೆ ಬೇರೆ ಟಿಕೆಟ್. ಎಲ್ಲವನ್ನೂ ನೋಡಲು ಹೊರಟರೆ ಜೇಬು ಖಾಲಿ. ಒಂದೆರಡು ಸಾಕು. ಕಡಲ ಕಡೆ ಮೆರಿಕೆನ್ ಪಾರ್ಕಿನಲ್ಲಿ ಭೂಕಂಪದಲ್ಲಿ ಒಡೆದ ಬಂದರುಕಟ್ಟೆಯ ಒಂದು ತುಂಡನ್ನು ಹಾಗೆಯೇ ಬಿಟ್ಟಿದ್ದಾರೆ: ವಾಲಿದ ದೀಪಕಂಬಗಳು, ನೀರಿಗೆ ಕುಸಿದ ಕಾಂಕ್ರೀಟ್. ಟಿಕೆಟ್ ಇಲ್ಲದ ಈ ಜಾಗ 108 ಮೀಟರಿನ ಪೋರ್ಟ್ ಟವರಿಗಿಂತ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಇಕುತಾ ದೇಗುಲದ ಬಾಗಿಲಲ್ಲಿ ಕೈ ಬಾಯಿ ತೊಳೆಯುವ ಕಲ್ಲಿನ ತೊಟ್ಟಿ ಇದೆ. ಅದರಲ್ಲಿ ವುಜೂ ಮಾಡಬೇಡಿ, ಅದು ಅವರ ಪೂಜೆಯ ನೀರು. ಅಂಗಡಿ ಮಾಲ್‌ಗಳ ಸಿಂಕಿಗೆ ಕಾಲೆತ್ತಿ ಇಡುವುದೂ ಅಲ್ಲಿನವರಿಗೆ ಸೇರುವುದಿಲ್ಲ. ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಒಯ್ದು ಶೌಚಾಲಯದೊಳಗೇ ಕಾಲು ತೊಳೆದು, ನೆಲ ಒರೆಸಿ ಬನ್ನಿ. ಹೆಚ್ಚಿನ ಕಮೋಡುಗಳಲ್ಲಿ ಒತ್ತಿದರೆ ತೊಳೆಯುವ ನೀರು ಚಿಮ್ಮುವ ಬಟನ್ ಇರುತ್ತದೆ, ಆ ಚಿಂತೆ ಬೇಡ.

ಇನ್ನು ಊಟ. ಮಸೀದಿಯ ಸುತ್ತ ಹಲಾಲ್ ದಿನಸಿ ಅಂಗಡಿ ಇದೆ. ಪಾಕಿಸ್ತಾನಿ, ಅರಬ್ ಊಟದ ಮನೆಗಳು ನಡಿಗೆಯ ದೂರದಲ್ಲಿವೆ. ಬಿರಿಯಾನಿಯ ಖಾರ ಜಪಾನಿನವರ ನಾಲಿಗೆಗೆ ಇಳಿಸಿದ್ದು. ‘ಖಾರ ಇರಲಿ’ ಎಂದು ಬಾಯಿಬಿಟ್ಟು ಹೇಳಿ. ಹೆಚ್ಚಿನವು ಮಧ್ಯಾಹ್ನ ಮತ್ತು ರಾತ್ರಿಯ ನಡುವೆ ಮುಚ್ಚಿರುತ್ತವೆ. 3 ಗಂಟೆಗೆ ಹಸಿದು ಹೋದರೆ ಬಾಗಿಲು ಹಾಕಿರುವುದೇ ಹೆಚ್ಚು.

ಈ ವಲಯ ದಾಟಿದರೆ ‘ಮುಸ್ಲಿಂ ಫ್ರೆಂಡ್ಲಿ’ ಎಂಬ ಹಲಗೆಯನ್ನು ಹಲಾಲ್ ಎಂದು ಓದಬೇಡಿ. ಒಂದು ಕಡೆ ಅದರ ಅರ್ಥ ಮಾಂಸ ಹಲಾಲ್, ಆದರೆ ಮದ್ಯವೂ ಮಾರುತ್ತೇವೆ ಎಂದು. ಇನ್ನೊಂದು ಕಡೆ ಹಂದಿ ಹಾಕಿಲ್ಲ ಎಂದಷ್ಟೇ. ಕೇಳಬೇಕಾದ ಪ್ರಶ್ನೆ ಎರಡು. ‘ಬುತಾನಿಕು ಹಾಯಿತ್ತೆ ಇಮಾಸು ಕಾ?’ ಎಂದರೆ ಹಂದಿಮಾಂಸ ಇದೆಯಾ ಎಂದು. ‘ಒಸಾಕೆ ತೊ ಮಿರಿನ್ ವಾ ತ್ಸುಕತ್ತೆ ಇಮಾಸು ಕಾ?’ ಎಂದರೆ ಸಾಕೆ, ಮಿರಿನ್ ಬಳಸಿದ್ದೀರಾ ಎಂದು. ಮಿರಿನ್ ಸಿಹಿಯಾದ ಅಡುಗೆ ಮದ್ಯ; ತೆರಿಯಾಕಿ, ಉದೊನ್ ನೂಡಲ್ಸಿನ ಸಾರು, ಎಷ್ಟೋ ಕಡೆ ಮೊಟ್ಟೆಯ ಪಲ್ಯದಲ್ಲೂ ಇರುತ್ತದೆ. ‘ನಿಕು’, ಅಂದರೆ ಮಾಂಸ, ಬೇಡ ಎಂದು ಮಾತ್ರ ಹೇಳಿದರೆ ಕೆಲಸ ಕೆಡುತ್ತದೆ. ಒಸಾಕಾ, ಕ್ಯೋತೊ, ಕೋಬೆಗಳಿರುವ ಕನ್ಸಾಯ್ ಸೀಮೆಯಲ್ಲಿ ನಿಕು ಎಂದರೆ ಮೊದಲು ನೆನಪಾಗುವುದು ದನದ ಮಾಂಸ. ಟೋಕಿಯೋದವರು ನಿಕುಮಾನ್ ಎನ್ನುವ ಬನ್ನಿಗೆ ಇಲ್ಲಿ ಬುತಾಮಾನ್ ಎಂದು ಬೇರೆ ಹೆಸರಿಟ್ಟದ್ದೂ ಅದಕ್ಕೇ. ನಾನ್‌ಕಿನ್‌ಮಾಚಿಯಲ್ಲಿ ಬಿದಿರಿನ ಬುಟ್ಟಿಯಿಂದ ಹಬೆಯೇಳುವ ಯಾವ ಬನ್ನನ್ನೂ ಕೇಳದೆ ಮುಟ್ಟಬೇಡಿ. ನೋಡಲು ಅರ್ಧ ಗಂಟೆ ಧಾರಾಳ.

ಕೊಂಬಿನಿ, ಅಂದರೆ ದಿನವಿಡೀ ತೆರೆದಿರುವ ಅಂಗಡಿ, ಅನಿವಾರ್ಯ. ಅಲ್ಲಿ ಫೋನ್ ಕ್ಯಾಮೆರಾ ಹಿಡಿದು ಪೊಟ್ಟಣದ ಬೆನ್ನು ಓದಿ. ಅಲರ್ಜಿಯ ಚೌಕ ನೋಡಿ ನಿರಾಳವಾಗುವುದು ಸಾಮಾನ್ಯ ತಪ್ಪು. ಮೊಟ್ಟೆ, ಹಾಲು, ಗೋಧಿ, ಸೀಗಡಿಯಂಥವನ್ನು ನಮೂದಿಸುವುದು ಕಡ್ಡಾಯ. ಹಂದಿ ಮತ್ತು ಜೆಲಟಿನ್ ಶಿಫಾರಸಿನ ಪಟ್ಟಿಯಲ್ಲಿ ಮಾತ್ರ, ಮದ್ಯ ಎರಡರಲ್ಲೂ ಇಲ್ಲ. ಹಾಗಾಗಿ ಪದಾರ್ಥಗಳ ಸಾಲನ್ನೇ ಓದಬೇಕು. ಪೋಕು ಎಂದರೆ ಹಂದಿಮಾಂಸ, ರಾಡೊ ಎಂದರೆ ಹಂದಿಕೊಬ್ಬು; ಕಂಡರೆ ಕೆಳಗಿಡಿ. ಶುಸೆಯಿ ಎಂದರೆ ಕೆಡದಿರಲೆಂದು ಸೇರಿಸಿದ ಮದ್ಯಸಾರ, ಯೋಶು ಎಂದರೆ ಕೇಕಿಗೆ ಹಾಕುವ ರಮ್, ಬ್ರಾಂದಿ. ಬ್ರೆಡ್ಡಿನ ಶಾರ್ಟನಿಂಗ್ ಎಂಬ ಗಟ್ಟಿ ಕೊಬ್ಬು, ಎಣ್ಣೆ ನೀರು ಬೆರೆಸಲು ಹಾಕುವ ನ್ಯೂಕಾಝಾಯ್ ಸಸ್ಯದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಹಲವು ಪೊಟ್ಟಣಗಳು ಹೇಳುವುದಿಲ್ಲ. ಬೆಳಗಿನ ತಿಂಡಿಗೆ ಉಪ್ಪಿನ ಓನಿಗಿರಿ ಎಂಬ ಅನ್ನದುಂಡೆ, ಬೇಯಿಸಿದ ಸಾದಾ ಮೊಟ್ಟೆ, ಬಾಳೆಹಣ್ಣು, ಹಾಲು. ಕೊಂಬು ಓನಿಗಿರಿ ಕಡಲಪಾಚಿಯದ್ದೇ ಆದರೂ ಪಾಚಿಯನ್ನು ಮಿರಿನ್‌ನಲ್ಲಿ ಕುದಿಸಿರುವ ಸಂಭವ ಹೆಚ್ಚು. ಆಲೂ ಫ್ರೈಯೂ ಕೆಲವು ಕಡೆ ದನದ ಕೊಬ್ಬು ಬೆರೆಸಿದ ಎಣ್ಣೆಯಲ್ಲಿ ಕರಿದದ್ದು. ಈ ಮಾತು ಸಸ್ಯಾಹಾರಿಗಳಿಗೂ ಅನ್ವಯ.

ಮೀನು ಕೋಬೆಯಲ್ಲಿ ಸುಲಭದ ದಾರಿ. ಉಪ್ಪು ಹಚ್ಚಿ ಸುಟ್ಟ ಮೀನು, ‘ಶಿಯೊಯಾಕಿ’, ಕೇಳಿ ತಿನ್ನಬಹುದು, ತೆರಿಯಾಕಿ ಬೇಡ. ಆಕಾಶಿಯ ಆಕ್ಟೋಪಸ್ ಹೆಸರುವಾಸಿ, ಶಾಫಿಗಳು ತಿನ್ನುತ್ತಾರೆ, ಹನಫಿಗಳು ತಿನ್ನುವುದಿಲ್ಲ. ಒಂದೇ ಮೇಜಿನಲ್ಲಿ ಭಟ್ಕಳದವರೂ ಬೆಂಗಳೂರಿನವರೂ ಕೂತಿದ್ದರೆ ಮೊದಲೇ ಮಾತಾಡಿಕೊಳ್ಳಿ.

ಕೋಬೆ ಬೀಫ್‌ಗೆ ಆಸೆಪಟ್ಟವರಿಗೆ ಒಂದು ಮಾತು. ಆ ಹೆಸರು ತಾಜಿಮಾ ತಳಿಯನ್ನೂ ಮಾಂಸದೊಳಗಿನ ಕೊಬ್ಬಿನ ಗೆರೆಗಳನ್ನೂ ನೋಡಿ ಕೊಡುವ ದರ್ಜೆ. ಇಸ್ಲಾಮಿನ ಕ್ರಮದಲ್ಲಿ ಕೊಯ್ಯುವ ಜಬೀಹಾಕ್ಕೂ ಅದಕ್ಕೂ ಸಂಬಂಧವಿಲ್ಲ. ಹಲಾಲ್ ಎಂದು ಹೇಳುವ ಕಡೆ ಆ ಮಾಂಸದ್ದೇ ಪ್ರಮಾಣಪತ್ರ ಕೇಳಿ, ಗೋಡೆಗೆ ಹಾಕಿದ ಚೌಕಟ್ಟು ಸಾಲದು. ಆಮೇಲೆ ಕಾವಲಿ: ಅದೇ ಹಂಚಿನ ಮೇಲೆ ಹಂದಿ ಬೇಯಿಸುತ್ತಾರಾ, ಮೇಲೆ ಬ್ರಾಂದಿ ಸುರಿದು ಉರಿ ಎಬ್ಬಿಸುತ್ತಾರಾ, ಸಾಸಿನಲ್ಲಿ ವೈನ್ ಇದೆಯಾ. ಒಂದಕ್ಕೆ ತೊದಲಿದರೂ ಎದ್ದು ಬನ್ನಿ. ಆ ಬೆಲೆಗೆ ಅನುಮಾನ ತಿನ್ನಬೇಕಾಗಿಲ್ಲ.

ಎರಡನೆಯ ದಿನ ಅರಿಮಾ ಬಿಸಿನೀರ ಬುಗ್ಗೆಗೆ ಹೋಗುವವರು ಬಹಳ. ಸಾರ್ವಜನಿಕ ಸ್ನಾನದ ಕೊಳಕ್ಕೆ ಬಟ್ಟೆಯಿಲ್ಲದೆ ಇಳಿಯುವುದೇ ಅಲ್ಲಿನ ನಿಯಮ, ಚಡ್ಡಿಗೂ ಅವಕಾಶವಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖಾಸಗಿ ಕೊಳ, ‘ಕಾಶಿಕಿರಿ’, ಮೊದಲೇ ಕಾದಿರಿಸಿ. ಇಲ್ಲವೆಂದರೆ ಕಿನ್ ನೊ ಯು ಸ್ನಾನಗೃಹದ ಹೊರಗೆ ಕಾಲು ಅದ್ದಿ ಕೂರುವ ತೊಟ್ಟಿ ಪುಕ್ಕಟೆ. ಕಬ್ಬಿಣದಂಶದ ಕೆಂಗಂದು ನೀರು, ಬಿಳಿ ಪಾಯಿಜಾಮ ಮೇಲೆ ಮಡಚಿಕೊಳ್ಳಿ.

ಊರಿಗೆ ಒಯ್ಯುವ ಸಿಹಿ ಆರಿಸುವಾಗ ಕೋಬೆಯ ಪುಡಿಂಗ್, ಕೇಕುಗಳ ಹೊಳಪಿಗೆ ಮರುಳಾಗಬೇಡಿ. ಜೆಲಟಿನ್, ಯೋಶು ಎರಡೂ ಸಿಗುವುದು ಅಲ್ಲೇ. ಯೋಕನ್ ಕೇಳಿ. ಕೆಂಪು ಅವರೆಯಂಥ ಅಝುಕಿ ಕಾಳು, ಸಕ್ಕರೆ, ಕಂತೆನ್ ಅಷ್ಟೇ ಇರುವ ಸಾದಾ ಯೋಕನ್ ಎಲ್ಲ ಕಡೆ ಸಿಗುತ್ತದೆ, ಹೊರಗಿಟ್ಟರೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಕಂತೆನ್ ಎಂದರೆ ರಂಜಾನಿನಲ್ಲಿ ಹಾಲಿಗೆ ಹಾಕಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸುವ ನಮ್ಮ ಚೈನಾ ಗ್ರಾಸ್.