ಸ್ಪ್ಯಾನಿಷ್ ನುಡಿಗಟ್ಟಿಗೆ ಯಾವ ನಿಘಂಟು?

ಸ್ಪ್ಯಾನಿಷ್ ನುಡಿಗಟ್ಟುಗಳ ಅರ್ಥ ಹುಡುಕಲು ಎರಡು ನಿಘಂಟುಗಳನ್ನು ಹೋಲಿಸೋಣ. ಎರಡೂ ಅಂತರ್ಜಾಲದಲ್ಲಿ ಉಚಿತ. ಒಂದು, 1713ರಲ್ಲಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು. ಇನ್ನೊಂದು, ಸ್ಪ್ಯಾನಿಷ್ ಅಕಾಡೆಮಿಗಳ ಒಕ್ಕೂಟ 2010ರಲ್ಲಿ ಹೊರತಂದ ಲ್ಯಾಟಿನ್ ಅಮೆರಿಕದ ಬಳಕೆಗಳ ನಿಘಂಟು.

ಮೊದಲನೆಯದರಲ್ಲಿ ನಾಮಪದ ಹಿಡಿದು ಹೋಗಬೇಕು. ‘ತೊಮಾರ್ ಎಲ್ ಪೆಲೊ’ ಎಂದರೆ ಅಕ್ಷರಶಃ ಕೂದಲು ಹಿಡಿಯುವುದು. ನಿಜದಲ್ಲಿ ಕಿವಿಯ ಮೇಲೆ ಹೂ ಇಡುವುದು. ಇದು ‘ಪೆಲೊ’ ಪದದಡಿಯ ಉದ್ದನೆಯ ಪಟ್ಟಿಯಲ್ಲಿದೆ. ಹುಡುಕಲು ತಾಳ್ಮೆ ಬೇಕು.

ಎರಡನೆಯದು ಯಾವ ನುಡಿ ಯಾವ ದೇಶದ್ದೆಂದು ಗುರುತಿಸುತ್ತದೆ. ಕೊಲಂಬಿಯಾದಲ್ಲಿ ‘ಪರಂಗಿ ಹಣ್ಣು ಕೊಡಬೇಡ’ ಎಂದರೆ ಕಳ್ಳನಿಗೆ ಅವಕಾಶ ಕೊಡಬೇಡ ಎಂದು. ಬೊಗೋಟಾದ ಬಸ್ಸಿನಲ್ಲಿ ಮೊಬೈಲ್ ಆಡಿಸುತ್ತ ಕುಳಿತವರಿಗೆ ಬೇಕಾದ ಮಾತು!

ಎರಡರಲ್ಲೂ ವಿವರಣೆ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ಹೊಸಬರಿಗೆ ಕಬ್ಬಿಣದ ಕಡಲೆ. ಸ್ಪೇನ್‌ಗೆ ಹೊರಟವರಿಗೆ ಮೊದಲನೆಯದೇ ಸಾಕು. ಬೊಗೋಟಾ, ಲಿಮಾ ಕಡೆಯವರೊಡನೆ ವ್ಯವಹರಿಸುವವರು ಎರಡನೆಯದನ್ನೇ ಮೊದಲು ತೆರೆಯಲಿ.